ಸೆಂಗಾ ಎದ್ದು ಹೊರಗೆ ಹೋದ ದಿನ

ಎಲ್ಸ್‌ಪೆತ್ ಲಾರಿಮರ್ ತೀರಿಕೊಂಡು ಐದು ತಿಂಗಳಾಯಿತು. ಡಂಡೀ ಊರಿನಲ್ಲಿ ಅವಳನ್ನು ಬಲ್ಲವರು ಹೆಚ್ಚಿಲ್ಲ. ಹದಿಮೂರು ವರ್ಷ ಅವಳು ಪ್ರಯೋಗಾಲಯದಲ್ಲಿ ಪಟ್ಟೆಮೀನಿನ ಮರಿಗಳ ಮೂತ್ರಪಿಂಡ ನೋಡುತ್ತ ಕಳೆದಳು. ಮರಿ ಎಂದರೆ ರೆಪ್ಪೆಗೂದಲಿನಷ್ಟು, ಮೈಯೆಲ್ಲ ಗಾಜು. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರೆ ಒಳಗೆ ರಕ್ತ ಹರಿಯುವುದು ಕಾಣುತ್ತಿತ್ತು. ನೋಡುತ್ತ ನೋಡುತ್ತ ಅವಳಿಗೆ ಊಟದ ಹೊತ್ತು, ಕಿಟಕಿಯಾಚೆ ಟೇ ನದಿಯ ಮೇಲೆ ಕವಿಯುವ ಮಂಜು, ತನ್ನ ವಯಸ್ಸು ಎಲ್ಲವೂ ಮರೆತುಹೋಗುತ್ತಿತ್ತು.

ಮರೆಯಲಾಗದ್ದು ಒಂದೇ. ಪಿಎಚ್‌ಡಿ ಮುಗಿಸಿದ ಮೇಲೆ ಅವಳಿಗೆ ಸಿಕ್ಕ ಕೆಲಸಗಳೆಲ್ಲ ಒಂದು ವರ್ಷ, ಎರಡು ವರ್ಷದವು. ನಲವತ್ತೊಂದರ ವಯಸ್ಸಿನಲ್ಲಿ ಮತ್ತೊಂದು ಮುಗಿಯುತ್ತ ಬಂದಿತ್ತು. ಹೊಸದು ಸಿಗದಿದ್ದರೆ ಮೀನಿನ ತೊಟ್ಟಿಗಳನ್ನು ಬರಿದು ಮಾಡಬೇಕು. ಉಳಿದ ದಾರಿಯೆಂದರೆ ಮೂತ್ರಪಿಂಡ ರೋಗಿಗಳ ಮನೆಯವರೇ ಕಟ್ಟಿದ ಒಂದು ಸಣ್ಣ ದತ್ತಿಸಂಸ್ಥೆ. ಅದು ವರ್ಷಕ್ಕೊಬ್ಬ ಸಂಶೋಧಕರಿಗೆ ಮೂರು ವರ್ಷದ ಕೆಲಸ ಕೊಡುತ್ತಿತ್ತು. ಅರ್ಜಿಯ ಒಂದು ಪುಟ ಮಾತ್ರ ಓದು ಬಲ್ಲ ಯಾರಿಗಾದರೂ ಅರ್ಥವಾಗುವಂತಿರಬೇಕು.

ಆ ಪುಟ ಅವಳ ಕೈಗೆ ಬಗ್ಗಲಿಲ್ಲ. ಶನಿವಾರಗಳಂದು ಅವಳು ಅದೇ ಸಂಸ್ಥೆ ಹಣ ಕೂಡಿಸಲು ನಡೆಸುತ್ತಿದ್ದ ಹಳೆಬಟ್ಟೆ ಅಂಗಡಿಯಲ್ಲಿ ಸಂಬಳವಿಲ್ಲದೆ ದುಡಿಯುತ್ತಿದ್ದಳು. ಅಲ್ಲಿ ಕೋಟುಗಳಿಗೆ ಇಸ್ತ್ರಿ ಹಾಕುತ್ತಿದ್ದ ಸೆಂಗಾ ಬ್ಯಾಕ್‌ಸ್ಟರ್‌ಗೆ ಓದಿ ಹೇಳಿದಳು. ಸೆಂಗಾಳ ತಮ್ಮ ಡಯಾಲಿಸಿಸ್‌ನಲ್ಲಿದ್ದ.

“ನಿಲ್ಸೇ ಹುಡುಗಿ! ಪಾದ್ರಿ ಉಪದೇಶಾನೇ ವಾಸಿ. ಮೀನಿಗೂ ನನ್ ತಮ್ಮಂಗೂ ಏನ್ ಸಂಬಂಧ, ಅದನ್ ಹೇಳು.”

“ಇಬ್ರ ಮೂತ್ರಪಿಂಡದಲ್ಲೂ ಒಂದೇ ಥರ ನೀರ್ಗುಳ್ಳೆ ಏಳತ್ತೆ ಸೆಂಗಾ. ಮೊದಲ್ನೇದು ಏಳೋದನ್ನ ಮೀನಲ್ಲಿ ಕಣ್ಣಾರೆ ನೋಡ್ಬೋದು.”

“ಹಂಗಂತ ಬರಿ ಮತ್ತೆ! ಇಷ್ಟ್ ಓದಿ ಏನ್ ಬಂತು?”

ನಾಲ್ಕು ಶನಿವಾರ ಬೈಸಿಕೊಂಡ ಮೇಲೆ ಪುಟ ಸಿದ್ಧವಾಯಿತು.

ಸಂದರ್ಶನಕ್ಕೆ ಐವರು ಕೂತಿದ್ದರು: ವಿಜ್ಞಾನಿಗಳು ಮೂವರು, ರೋಗಿಗಳ ಕಡೆಯವರು ಇಬ್ಬರು. ಆ ಇಬ್ಬರಲ್ಲಿ ಒಬ್ಬಳು ಸೆಂಗಾ. ಬರಬೇಕಿದ್ದವರಿಗೆ ಜ್ವರವೆಂದು ಬೆಳಿಗ್ಗೆಯಷ್ಟೇ ಅವಳನ್ನು ಕರೆಸಿದ್ದರು. ಎಲ್ಸ್‌ಪೆತ್‌ಗೆ ಎದೆ ಹಗುರಾಯಿತು. ಅಷ್ಟರಲ್ಲಿ ಸೆಂಗಾ ಎದ್ದಳು.

“ಇವಳು ನಂಗ್ ಗೊತ್ತು. ಆ ಪುಟ ಬರೆಯೋವಾಗ ಬೈದೋಳು ನಾನೇ. ನಾನ್ ಓಟ್ ಹಾಕಿದ್ರೆ ನ್ಯಾಯ ಅಲ್ಲ.”

ಕೈಚೀಲ ಎತ್ತಿಕೊಂಡು ಹೊರಗೆ ಹೋದಳು. ಅರ್ಜಿ ಹಾಕಿದವರನ್ನು ಬಲ್ಲವರು ಹೊರಗುಳಿಯುವುದು ಅಲ್ಲಿಯ ಪದ್ಧತಿ, ಯಾರೂ ತಡೆಯಲಿಲ್ಲ.

ರೋಗಿಗಳ ಕಡೆಯಿಂದ ಉಳಿದವನು ಫರ್ಗಸ್ ಪೆಟ್ರಿ, ನಿವೃತ್ತ ಬಸ್ ಚಾಲಕ. ಅವನ ಹೆಂಡತಿ ಅದೇ ಕಾಯಿಲೆಯಲ್ಲಿ ಹೋದವಳು.

“ಮೂರ್ ವರ್ಷದಲ್ಲಿ ಔಷಧಿ ಬರತ್ತಾ, ಡಾಕ್ಟ್ರೇ?”

ಬರುತ್ತದೆ ಎಂದವರಿಗೆ ಕೆಲಸ ಸಿಕ್ಕಿದ್ದನ್ನು ಅವಳು ಕಂಡಿದ್ದಳು. ನಾಲಿಗೆಯ ತುದಿಗೂ ಬಂದಿತ್ತು.

“ಇಲ್ಲ. ಮೊದಲ್ನೇ ಗುಳ್ಳೆ ಯಾಕ್ ಏಳತ್ತೆ ಅಂತ ಗೊತ್ತಾಗ್ಬೋದು. ಔಷಧಿ ಹುಡುಕೋರು ಅಲ್ಲಿಂದ ಶುರು ಮಾಡ್ಬೇಕು.”

“ನನ್ ಹೆಂಡ್ತಿಗೆ ಹದಿನೆಂಟ್ ವರ್ಷ ಎಲ್ರೂ ‘ಔಷಧಿಗೆ ಇನ್ನೈದೇ ವರ್ಷ’ ಅಂದ್ರು,” ಎಂದ ಪೆಟ್ರಿ. ಮತ್ತೇನೂ ಕೇಳಲಿಲ್ಲ.

ಹೊರಗೆ ಬೆಂಚಿನ ಮೇಲೆ ಸೆಂಗಾ ಕಾದಿದ್ದಳು. ಒಳಗಿನ ಮಾತನ್ನು ಕೇಳುವಂತಿಲ್ಲ, ಹೇಳುವಂತಿಲ್ಲ. ಇಬ್ಬರೂ ನದಿಯ ದಡದಲ್ಲಿ ನಡೆದರು. ಬಿಳಿಮಂಜಿನಲ್ಲಿ ಸೇತುವೆ ಅರ್ಧಕ್ಕೇ ಕರಗಿಹೋಗಿತ್ತು.

“ನನ್ ಮೇಲೆ ಕೋಪಾನೇನೇ?”

“ನೀನು ಎದುರಿಗೇ ಕೂತಿದ್ದಿದ್ರೆ ನಿನ್ ತಮ್ಮನ್ ನೆನೆಸ್ಕೊಂಡು ಸುಳ್ಳ್ ಹೇಳ್ಬಿಡ್ತಿದ್ನೋ ಏನೋ.”

ಎರಡು ವಾರಕ್ಕೆ ಸಂಸ್ಥೆಯಿಂದ ಕಾಗದ ಬಂತು. ಮೂರು ವರ್ಷ! ಅಷ್ಟು ಉದ್ದದ ಕಾಲವನ್ನು ಅವಳಿಗೆ ಯಾರೂ ಒಟ್ಟಿಗೆ ಕೊಟ್ಟಿರಲಿಲ್ಲ. ಅದರಲ್ಲಿ ಎರಡೂವರೆ ವರ್ಷ ಅವಳು ಬದುಕಿದ್ದಳು.