ದಾರಿ ಬದಿಯ ಎರಡು ಸೀಟು

ಗಂಡ ತೀರಿಕೊಂಡ ಮೇಲೆ ಅಡೆಲೀನ್ ಫುಸ್ಕೋಗೆ ಸಿಗುವ ಸೀಟುಗಳು ಸುಧಾರಿಸಿದವು. ನ್ಯೂಯಾರ್ಕಿನ ಬ್ರಾಡ್‌ವೇಯ ಯಾವ ನಾಟಕಶಾಲೆಗೆ ಹೋದರೂ ಒಂಟಿ ಸೀಟು ಒಳ್ಳೆಯದೇ ಉಳಿದಿರುತ್ತದೆ. ಜನ ಇಬ್ಬಿಬ್ಬರಾಗಿ ಆರಿಸಿಕೊಂಡು ಹೋದ ಮೇಲೆ ಐದನೆಯ ಸಾಲಿನ ನಟ್ಟನಡುವೆ ಒಂದು ಕುರ್ಚಿ ಅನಾಥವಾಗಿ ಬಿದ್ದಿರುತ್ತದೆ. ವೀಟೋ ಬದುಕಿದ್ದಾಗ ಅಂಥ ಜಾಗದ ಆಸೆಯನ್ನೇ ಅವಳು ಬಿಟ್ಟಿದ್ದಳು. ನಿದ್ದೆ ಮಾಡುವಾಗ ತಲೆ ಆನಿಸಲು ಅವನಿಗೊಂದು ಗೋಡೆ ಬೇಕಾಗಿತ್ತು. ಹೀಗಾಗಿ ಅವರ ದಾಂಪತ್ಯದುದ್ದಕ್ಕೂ ಎಡಗೋಡೆಯ ಪಕ್ಕದಲ್ಲೇ ಕೂತು, ಪ್ರತಿ ನಾಟಕದ ಬಲ ಅರ್ಧವನ್ನು ಮಾತ್ರ ನೋಡಿದ್ದರು. ಎಡಗಡೆಯಿಂದ ಯಾರು ಬಂದರು, ಯಾಕೆ ಬಂದರು ಎಂಬುದು ಅವರಿಗೆ ತಿಳಿಯುತ್ತಿದ್ದದ್ದು ಉಳಿದವರ ಮುಖ ನೋಡಿ.

ಅವಳು ಬ್ರೂಕ್ಲಿನ್‌ನ ಬೆನ್ಸನ್‌ಹರ್ಸ್ಟ್‌ನಲ್ಲಿ ಹುಟ್ಟಿ, ಅಲ್ಲೇ ಬೆಳೆದು, ಅಲ್ಲೇ ಒಬ್ಬ ದಂತವೈದ್ಯರ ಕ್ಲಿನಿಕ್ಕಿನ ಮುಂದಿನ ಮೇಜಿನಲ್ಲಿ ಕೂತು ನಿವೃತ್ತಳಾದವಳು. ಯಾರನ್ನು ಎಲ್ಲಿ, ಎಷ್ಟು ಹೊತ್ತು ಕೂರಿಸಬಹುದು ಎಂಬ ವಿದ್ಯೆಯನ್ನು ಅಲ್ಲಿಯೇ ಕಲಿತಳು. ಆದರೆ ಸೀಟಿನ ಹುಚ್ಚು ಅದಕ್ಕೂ ಹಳೆಯದು. ಹತ್ತೊಂಬತ್ತರ ವಯಸ್ಸಿನಲ್ಲಿ ಚಿಕ್ಕಮ್ಮ ನುನ್ಸಿಯಾಟಾಳ ಜೊತೆ ಮೊದಲ ನಾಟಕಕ್ಕೆ ಹೋದಾಗ ಇಬ್ಬರಿಗೂ ಕಂಬದ ಹಿಂದೆ ಜಾಗ ಸಿಕ್ಕಿತ್ತು. ಒಂದು ಮದುವೆಯನ್ನೂ ಒಂದು ಕೊಲೆಯನ್ನೂ ಬರೀ ಕಿವಿಯಲ್ಲಿ ಕೇಳಿ ಮನೆಗೆ ಬಂದರು. ನಾಟಕ ಹೇಗಿತ್ತು ಎಂದು ಮನೆಯವರು ಕೇಳಿದ್ದಕ್ಕೆ ಚಿಕ್ಕಮ್ಮ, "ಕಂಬ ಚೆನ್ನಾಗಿತ್ತು" ಎಂದಿದ್ದಳು.

ಅಲ್ಲಿಂದ ಮುಂದೆ ಅಡೆಲೀನ್ ಸೀಟನ್ನು ಗಂಡಿನ ಮನೆಯವರು ಹೆಣ್ಣು ನೋಡುವ ಹಾಗೆ ನೋಡತೊಡಗಿದಳು. ತೀರಾ ಮುಂದೆ ಕೂತರೆ ಕಾಣುವುದು ನಟರ ಬೂಟು, ಸಿಗುವುದು ಅವರ ಉಗುಳು. ತೀರಾ ಹಿಂದೆ, ಮಹಡಿಯ ಕೆಳಗೆ ಕೂತರೆ ಕಂಬಳಿ ಹೊದ್ದು ಕೇಳಿದಂತೆ. ಮಹಡಿಯ ಮೊದಲ ಸಾಲು ನೋಡಲು ಚೆನ್ನ, ಆದರೆ ಮೊಣಕಾಲನ್ನು ಮನೆಯಲ್ಲೇ ಬಿಟ್ಟು ಬರಬೇಕು. ಈ ನಾಟಕಶಾಲೆಗಳನ್ನು ಕಟ್ಟಿದ ಕಾಲದಲ್ಲಿ ಹೆಂಗಸರಿಗೆ ಮೂತ್ರ ಬರುತ್ತದೆಂದು ಯಾರೂ ಎಣಿಸಿರಲಿಲ್ಲ. ಆದ್ದರಿಂದ ಮಧ್ಯಂತರದಲ್ಲಿ ಮೊದಲು ಎದ್ದು ಓಡಿದವಳೇ ಗೆದ್ದವಳು. ನಾಟಕ ಉದ್ದವಾದಷ್ಟೂ ಸಾಲಿನ ತುದಿಯ, ದಾರಿ ಬದಿಯ ಸೀಟಿಗೆ ಬೆಲೆ. ರಕ್ತದೊತ್ತಡಕ್ಕೆ ಮಾತ್ರೆ ಶುರುವಾದ ಮೇಲಂತೂ ಅವಳು ದಾರಿ ಬದಿ ಬಿಟ್ಟು ಕೂತವಳೇ ಅಲ್ಲ. ತನ್ನ ತಂಗಿ ಕೇಳಿದಾಗಲೂ ಬಿಟ್ಟುಕೊಟ್ಟಿರಲಿಲ್ಲ.

ಅರ್ವಿನ್ ಗ್ಲಿಕ್ ಅವಳು ವಾಸವಿದ್ದ ಕಟ್ಟಡದಲ್ಲೇ ಮೂರನೆಯ ಮಹಡಿಯವನು. ನಗರದ ಬಸ್ಸು ಓಡಿಸಿ ನಿವೃತ್ತನಾಗಿದ್ದ. ಬ್ರೇಕು ತುಳಿದು ತುಳಿದು ಅವನ ಬಲ ಮಂಡಿ ಈಗ ಮಡಚುತ್ತಿರಲಿಲ್ಲ. ಇಬ್ಬರ ಪರಿಚಯ ನೆಲಮಾಳಿಗೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಆಗಿತ್ತು. ಒಂದು ಗುರುವಾರ, ಅವನು ಯಂತ್ರದಿಂದ ಕಾಲುಚೀಲಗಳನ್ನು ತೆಗೆಯುತ್ತಿದ್ದಾಗ ಅವಳು ನಾಟಕದ ಮಾತೆತ್ತಿದಳು.

"ಊರೆಲ್ಲ ಹೊಗಳ್ತಿದೆ. ಎರಡು ಭಾಗ, ಒಟ್ಟು ಏಳು ತಾಸು. ಮಧ್ಯೆ ಊಟಕ್ಕೆ ಬಿಡ್ತಾರೆ."

"ಅಷ್ಟು ಹೊತ್ತು ಏನು ಹೇಳ್ತಾರೆ?"

"ಕಲ್ಲಿದ್ದಲು ಗಣಿ ಇರೋ ಒಂದು ಮನೆತನ. ಮೂರು ತಲೆಮಾರು."

"ನಮ್ಮನೇಲೂ ಮೂರು ತಲೆಮಾರಿತ್ತು. ಯಾರೂ ಟಿಕೆಟ್ ತಗೊಂಡು ನೋಡೋಕೆ ಬರ್ಲಿಲ್ಲ." ಅರ್ವಿನ್ ಕಾಲುಚೀಲಗಳನ್ನು ಜೋಡಿಸಿಟ್ಟ. "ಬರ್ತೀನಿ."

ಈ ಶನಿವಾರ ಸರಿಹೋದರೆ ಮುಂದೆಯೂ ಎರಡೆರಡು ಟಿಕೆಟು ಕೊಳ್ಳುವುದೆಂದು ಅಡೆಲೀನ್ ಮನಸ್ಸಿನಲ್ಲೇ ಗೊತ್ತು ಮಾಡಿಕೊಂಡಳು. ಸರಿಹೋಗದಿದ್ದರೆ ಬಟ್ಟೆ ಒಗೆಯುವ ದಿನವನ್ನು ಬದಲಾಯಿಸಬೇಕಾಗುತ್ತಿತ್ತು.

ಟಿಕೆಟನ್ನು ಅವಳು ಎಂದೂ ಫೋನಿನಲ್ಲಿ ಕೊಂಡವಳಲ್ಲ. ರೈಲು ಹತ್ತಿ ನಾಟಕಶಾಲೆಯ ಕಿಟಕಿಗೇ ಹೋದಳು. ಕಿಟಕಿಯ ಡೆಸ್ಮಂಡ್ ಹಳೆಯ ಪರಿಚಯದವನು.

"ಒಂದು ತಾನೇ, ಮಿಸೆಸ್ ಫುಸ್ಕೋ? ಐದನೇ ಸಾಲಲ್ಲಿ, ದಾರಿ ಬದಿ, ಚಿನ್ನದಂಥದ್ದೊಂದಿದೆ."

"ಎರಡು."

ಡೆಸ್ಮಂಡ್ ಕೀಲಿಮಣೆಯಿಂದ ಕೈ ತೆಗೆದ. "ಎರಡಾ?"

"ಯಾಕೆ, ನಾನು ಎರಡು ಅನ್ನಬಾರ್ದಾ?"

"ಅನ್ನಿ, ಅನ್ನಿ. ಎಂಟನೇ ಸಾಲು, ನಡುವೆ, ಪಕ್ಕಪಕ್ಕ ಇದೆ."

"ನಡುವೆ ಆಗಲ್ಲ. ಅವರ ಬಲಗಾಲು ಚಾಚೋಕೆ ದಾರಿ ಬೇಕು. ನಂಗೂ ದಾರಿ ಬೇಕು."

"ಇಬ್ಬರಿಗೂ ದಾರಿ ಅಂದ್ರೆ ಆಚೆ ಬದಿ ಒಂದು, ಈಚೆ ಬದಿ ಒಂದು. ಹತ್ತನೇ ಸಾಲು. ಮಧ್ಯೆ ಜನ ಓಡಾಡ್ತಾರೆ."

"ಓಡಾಡ್ಲಿ."

"ಹೊಸಬರಾ ಅವರು?"

"ಮಂಡಿ ಹಳೇದು."

ಹಿಂದೆ ನಿಂತಿದ್ದ ಒಬ್ಬ ಕೇಳಿದ. "ಟಿಕೆಟ್ ತಗೊಳ್ತಿದೀರಾ ಅಮ್ಮಾ, ಮನೆ ಕೊಳ್ತಿದೀರಾ?"

"ಮನೆ ಆಗಿದ್ರೆ ಇಷ್ಟು ಹೊತ್ತು ಹಿಡೀತಿರ್ಲಿಲ್ಲ," ಎಂದು ಅವಳು ಟಿಕೆಟುಗಳನ್ನು ಕೈಚೀಲಕ್ಕೆ ಸೇರಿಸಿದಳು. ದಾರಿಯ ಎರಡು ಬದಿಗೂ ಎರಡು ತುದಿ ಸೀಟು, ಅದೂ ಊರೇ ಮುಗಿಬಿದ್ದ ನಾಟಕಕ್ಕೆ. ಇದಕ್ಕಿಂತ ದೊಡ್ಡ ಉಪಚಾರವನ್ನು ಅವಳು ತನ್ನ ಬದುಕಿನಲ್ಲಿ ಯಾರಿಗೂ ಮಾಡಿರಲಿಲ್ಲ.

ಶನಿವಾರ ಮಧ್ಯಾಹ್ನ ಅರ್ವಿನ್ ಟೈ ಕಟ್ಟಿಕೊಂಡು ಬಂದ. ಒಳಗೆ ಹೋದ ಮೇಲೆ ಅವಳು ಅವನ ಕುರ್ಚಿ ತೋರಿಸಿದಳು. ಅವನು ಕೂತು, ಕಾಲು ಚಾಚಿ, ಪಕ್ಕದ ಕುರ್ಚಿಯ ಮೇಲಿದ್ದ ಕರಪತ್ರವನ್ನು ಅವಳಿಗಾಗಿ ಎತ್ತಿ ಹಿಡಿದ. ಅಷ್ಟರಲ್ಲಿ ಹಸಿರು ಶಾಲಿನ ಹೆಂಗಸೊಬ್ಬಳು ಬಂದು ಅದನ್ನು ಈಸಿಕೊಂಡು ಅಲ್ಲಿ ಕೂತಳು. ಅರ್ವಿನ್ ತಿರುಗಿ ನೋಡಿದ. ಅಡೆಲೀನ್ ದಾರಿಯ ಆಚೆ ಕೂತು ಅವನತ್ತ ಕೈ ಬೀಸುತ್ತಿದ್ದಳು.

ಮೊದಲ ಭಾಗದಲ್ಲಿ ಐದು ಜನ ಸತ್ತರು. ಎರಡು ಮಧ್ಯಂತರ ಬಂದವು. ಎರಡರಲ್ಲೂ ದೀಪ ಹತ್ತುವ ಮುಂಚೆಯೇ ಅಡೆಲೀನ್ ಎದ್ದು ಓಡಿದಳು, ದೀಪ ಆರುವ ಹೊತ್ತಿಗೆ ವಾಪಸು ಬಂದಳು. ಅವನ ಕಡೆ ನೋಡಿದಾಗಲೆಲ್ಲ ಅವನ ಕಾಲು ಆರಾಮವಾಗಿ ದಾರಿಯಲ್ಲಿ ಮಲಗಿತ್ತು. ಅವಳಿಗೆ ತೃಪ್ತಿಯಾಯಿತು.

ಊಟದ ವಿರಾಮದಲ್ಲಿ ಒಂಬತ್ತನೆಯ ಅವೆನ್ಯೂವಿನ ಒಂದು ಸಣ್ಣ ಹೋಟೆಲಿಗೆ ಹೋದರು. ಅರ್ವಿನ್ ಚಿಕನ್ ಸೂಪನ್ನು ಕೊನೆಯ ಹನಿಯವರೆಗೂ ಕುಡಿದ. ಆಮೇಲೆ ಚಮಚ ಕೆಳಗಿಟ್ಟ.

"ನನ್ನ ಪಕ್ಕ ಕೂರೋಕೆ ಇಷ್ಟ ಇಲ್ದಿದ್ರೆ ಹೇಳಬಹುದಿತ್ತು, ಅಡೆಲೀನ್. ನಾನು ಬಸ್ಸು ಓಡಿಸ್ದೋನು. ನನ್ನ ಹತ್ರ ಖಾಲಿ ಸೀಟು ಇದ್ರೂ ಹಿಂದೆ ಹೋಗಿ ನಿಲ್ಲೋ ಜನಾನ ಬೇಕಾದಷ್ಟು ನೋಡಿದೀನಿ."

ಅಡೆಲೀನ್ ರೊಟ್ಟಿಯನ್ನು ತಟ್ಟೆಗೆ ಇಳಿಸಿದಳು. "ನಿಮಗೆ ದಾರಿ ಬದಿ ಸೀಟು ಕೊಡಿಸಿದೀನಿ."

"ದಾರಿ ನೋಡೋಕೆ ನಾನು ಬಂದಿರ್ಲಿಲ್ಲ."

"ನಿಮ್ಮ ಮಂಡಿಗೋಸ್ಕರ ಅದು."

"ಮಂಡಿಗೆ ಸಂತೋಷ ಆಗಿದೆ. ಮಂಡಿ ಪರವಾಗಿ ಥ್ಯಾಂಕ್ಸ್ ಹೇಳ್ತೀನಿ." ಅವನು ಟೊಪ್ಪಿ ತೆಗೆದುಕೊಂಡ. "ಬಿಡುವು ಸಿಕ್ಕಾಗಲೆಲ್ಲ ಓಡಿಹೋದ್ರಿ. ಆ ಹಸಿರು ಶಾಲಿನಾಕೆ ನಂಗೆ ಪೆಪ್ಪರ್ಮೆಂಟ್ ಕೊಟ್ರು. ನನ್ನ ಜೊತೆ ಬಂದಿರೋದು ಅವರೇ ಅಂತ ಜನ ಅಂದ್ಕೊಂಡಿರಬೇಕು. ನಾನು ರೈಲಿಗೆ ಹೋಗ್ತೀನಿ. ನೀವು ಉಳಿದದ್ದು ನೋಡ್ಕೊಂಡು ಬನ್ನಿ."

ಮಾತ್ರೆಯ ವಿಷಯವನ್ನು ಅವಳು ಹೇಳಬಹುದಿತ್ತು. ಆದರೆ ಮೂತ್ರದ ಸಂಗತಿಯನ್ನು ಅವನ ಮುಂದೆ ಎತ್ತುವ ಮಟ್ಟಕ್ಕೆ ಅವರ ಸ್ನೇಹ ಇನ್ನೂ ಬಂದಿರಲಿಲ್ಲ. ಅವನು ಕುಂಟುತ್ತ ಬಾಗಿಲು ದಾಟುವುದನ್ನು ನೋಡುತ್ತ ಕೂತಳು. ಗಂಡನ ಪಕ್ಕ ಗೋಡೆ ಬದಿಯಲ್ಲಿ ಕೂತು ಕಳೆದ ಅಷ್ಟೂ ವರ್ಷ, ಪಕ್ಕದಲ್ಲಿ ಕೂರುವುದೂ ಒಂದು ಸಂಗತಿ ಎಂದು ಅವಳಿಗೆ ಅನ್ನಿಸಿರಲಿಲ್ಲ. ಅದು ಸೀಟಿನ ಜೊತೆ ಬಿಟ್ಟಿ ಬರುತ್ತಿತ್ತು.

ಅವಳು ಬೇಗನೆ ನಾಟಕಶಾಲೆಗೆ ಮರಳಿ ಹಸಿರು ಶಾಲಿನವಳ ಮುಂದೆ ನಿಂತಳು.

"ನನ್ನ ಸೀಟು ನೀವು ತಗೊಳ್ತೀರಾ? ಅಲ್ಲಿ, ದಾರಿ ಆಚೆ. ತುದಿ ಸೀಟು. ನಿಮ್ಮದು ನಂಗೆ ಕೊಡಿ."

ಆ ಹೆಂಗಸು ನ್ಯೂಯಾರ್ಕಿನವಳು. "ಯಾಕೆ?" ಎಂದಳು.

"ಸುಮ್ನೆ."

"ಈ ನಾಟಕಕ್ಕೆ ಯಾರೂ ಸುಮ್ನೆ ತುದಿ ಸೀಟು ಬಿಟ್ಟುಕೊಡಲ್ಲ. ಏನಾದ್ರೂ ಚೆಲ್ಲಿದೆಯಾ ಅಲ್ಲಿ?"

"ಏನೂ ಚೆಲ್ಲಿಲ್ಲ."

"ಮುಂದೆ ಎತ್ತರದೋರು ಕೂತಿದಾರಾ?"

"ಗಿಡ್ಡ ಇದಾರೆ. ಮೊದಲ ಭಾಗ ಪೂರ್ತಿ ಅಲ್ಲೇ ಕೂತು ನೋಡಿದೀನಿ."

ಹೆಂಗಸು ಎದ್ದು ಹೋಗಿ ಕುರ್ಚಿಯನ್ನು ಅಂಗೈಯಿಂದ ಸವರಿ ನೋಡಿದಳು, ಸ್ಪ್ರಿಂಗು ಒತ್ತಿದಳು, ಕೂತಳು, ಎದ್ದಳು, ಮತ್ತೆ ಕೂತಳು. ಕೊನೆಗೆ ಶಾಲನ್ನು ಮಡಿಲಿಗೆ ಎಳೆದುಕೊಂಡಳು. ಇನ್ನು ಅವಳನ್ನು ಎಬ್ಬಿಸಲು ಪೊಲೀಸರಿಂದಲೂ ಆಗುತ್ತಿರಲಿಲ್ಲ.

ಅಡೆಲೀನ್ ಒಳಗಿನ ಕುರ್ಚಿಯಲ್ಲಿ ಕೂತಳು. ಬಲಕ್ಕೆ ಅರ್ವಿನ್‌ನ ಖಾಲಿ ಸೀಟು, ಎಡಕ್ಕೆ ಸಾಲುಗಟ್ಟಿ ಮೊಣಕಾಲುಗಳು. ಜನ ತುಂಬಿದರು. ಬಾಗಿಲ ಬಳಿಯ ಹುಡುಗಿ ಕೊನೆಯವರನ್ನು ಒಳಗೆ ಬಿಡುತ್ತಿದ್ದಳು. ಖಾಲಿ ಸೀಟಿನ ಮೇಲೆ ಕೋಟು ಇಡೋಣವೇ ಎಂದು ಯೋಚಿಸಿದಳು. ಇಟ್ಟರೆ ಅವನು ಬರುವುದಿಲ್ಲವೆಂದು ಒಪ್ಪಿಕೊಂಡಂತೆ. ಕೋಟನ್ನು ತೊಡೆಯ ಮೇಲೇ ಹಿಡಿದುಕೊಂಡಳು.

ದೀಪ ಮಂಕಾಗುವಾಗ ಅರ್ವಿನ್ ಬಂದು ಸಾಲಿನ ತುದಿಯಲ್ಲಿ ನಿಂತ. ಮೊದಲು ದಾರಿಯ ಆಚೆ ನೋಡಿದ, ಅಲ್ಲಿ ಹಸಿರು ಶಾಲು ಕಂಡಿತು. ಆಮೇಲೆ ಈಚೆ ನೋಡಿದ.

"ನೀವು ತಪ್ಪು ಸೀಟಲ್ಲಿ ಕೂತಿದೀರಿ."

"ಇಲ್ಲ. ರೈಲು ಬರ್ಲಿಲ್ವಾ?"

"ಬಂತು. ಹೋಯ್ತು." ಅವನು ಕೂತು ಕಾಲು ಚಾಚಿದ.

ಒಂದು ತಾಸು ಕಳೆಯಿತು. ಗಣಿ ಕುಸಿಯಿತು, ಮಗಳು ಮನೆ ಬಿಟ್ಟಳು, ಮುದುಕ ಯಜಮಾನ ಹಾಸಿಗೆ ಹಿಡಿದ. ಅವನು ಹಾಸಿಗೆ ಹಿಡಿದ ಹೊತ್ತಿಗೇ ಅಡೆಲೀನ್‌ಗೆ ತಡೆಯಲಾರದಂತಾಯಿತು. ಇಷ್ಟು ಹೊತ್ತು ತಡೆದದ್ದೇ ಹೆಚ್ಚು. ಅವಳು ಅರ್ವಿನ್‌ನ ಕಿವಿಗೆ ಬಗ್ಗಿದಳು.

"ನಾನು ಹೊರಗೆ ಹೋಗ್ಬೇಕು. ರಕ್ತದೊತ್ತಡಕ್ಕೆ ಮಾತ್ರೆ ತಗೊಳ್ತೀನಿ. ನಿಲ್ಲಲ್ಲ."

ಅವನು ಅವಳ ಮುಖ ನೋಡಿದ. "ಆಗ ಓಡಿದ್ದೂ ಇದಕ್ಕೇನಾ?"

"ಎರಡು ಸಲಾನೂ."

ಅರ್ವಿನ್ ಮುಂದಿನ ಕುರ್ಚಿಯ ಬೆನ್ನು ಹಿಡಿದು ಎದ್ದ. ಎದ್ದು ನಿಲ್ಲಲು ಅವನಿಗೆ ಸಾಕಷ್ಟು ಸಮಯ ಹಿಡಿಯಿತು. ಹಿಂದಿನ ಸಾಲಿನವರು ಉಸ್ಸೆಂದರು, ಕೂರ್ರೀ ಎಂದರು. ಅವನು ಅವರ ಕಡೆ ತಿರುಗಿ, ಬಸ್ಸಿನಲ್ಲಿ ಹೇಳುತ್ತಿದ್ದ ದನಿಯಲ್ಲೇ, "ಇಳಿಯೋರಿಗೆ ಜಾಗ ಬಿಡಿ" ಎಂದ. ಅಡೆಲೀನ್ ಅವನ ಎದೆಗೆ ಒತ್ತಿಕೊಂಡೇ ದಾಟಿ ಹೋದಳು.

ವಾಪಸು ಬಂದಾಗ ಬಾಗಿಲ ಹುಡುಗಿ ದೃಶ್ಯ ಮುಗಿಯುವವರೆಗೂ ಅವಳನ್ನು ಹಿಂದೆಯೇ ನಿಲ್ಲಿಸಿದಳು. ಕತ್ತಲಾದ ಮೇಲೆ ಅವಳು ಬರುವುದನ್ನು ಕಂಡು ಅರ್ವಿನ್ ಇನ್ನೊಮ್ಮೆ ಅಷ್ಟೇ ಸಾವಕಾಶವಾಗಿ ಎದ್ದು ನಿಂತ. ಅವಳು ಒಳಗೆ ಸರಿದು ಕೂತಳು.

"ಏನಾಯ್ತು?"

"ಯಜಮಾನ ಸತ್ತ."

"ಹೇಗೆ?"

"ನಿಧಾನಕ್ಕೆ," ಎಂದು ಅರ್ವಿನ್ ಅವಳ ಕೋಟನ್ನು ತನ್ನ ಮಡಿಲಿಗೆ ತೆಗೆದುಕೊಂಡ.