ಹೊಟ್ಟೆ ತುಂಬಿದ ಛತ್ರಿ

ಗಾಣಗಾಪುರದಲ್ಲಿ ಗುಡಿಗೆ ಹೋಗುವ ದಾರಿಯಲ್ಲಿ ನಮ್ಮ ಅತ್ತೆ ಕಾಯಿ, ಕರ್ಪೂರ, ಹೂವು ಇಟ್ಟುಕೊಂಡು ಕೂಡುತ್ತಾರೆ. ಅಂಗಡಿ ಎಂದರೆ ಒಂದು ಮಂಚ, ಅದರ ಮೇಲೊಂದು ದೊಡ್ಡ ಛತ್ರಿ. ಹೋದ ಬೇಸಿಗೆಯ ಬಿರುಗಾಳಿಗೆ ಛತ್ರಿಯ ಬಟ್ಟೆ ಹರಿದು ಚಿಂದಿಯಾಯಿತು. ಕಡ್ಡಿಗಳು ಗಟ್ಟಿಯಾಗಿದ್ದವು. ಹೊಸ ಬಟ್ಟೆ ಹೊಲಿದು ಹಾಕಿದರೆ ಸಾಕು ಎಂದು ಮನೆಯಲ್ಲಿ ಮಾತಾಯಿತು.

ಮಾತು ಮುಗಿಯುವ ಮೊದಲೇ ನಾನು ಮಷೀನಿನ ಮುಸುಕು ತೆಗೆದಿದ್ದೆ. ಈ ಮನೆಯಲ್ಲಿ ಹೊಲಿಗೆ ಕಲಿತು ಬಂದವಳು ನಾನೊಬ್ಬಳೇ. ಜೇವರ್ಗಿಯ ತವರಿನಲ್ಲಿದ್ದಾಗ ಓಣಿಯ ಹೆಂಗಸರ ಜಂಪರುಗಳೆಲ್ಲ ನನ್ನ ಕೈಯಲ್ಲೇ ಆಗುತ್ತಿದ್ದವು. ಆದರೆ ಅತ್ತೆ ಅಫಜಲಪುರದ ಪೇಟೆಯಿಂದ ತಂದ ನೀಲಿ ಬಟ್ಟೆಯನ್ನು ಸೀದಾ ನನ್ನ ನೆಗೆಣ್ಣಿಯ, ಅಂದರೆ ಹಿರಿಯ ಸೊಸೆಯ ಮಡಿಲಿಗೆ ಹಾಕಿದರು.

"ದೊಡ್ಡಾಕಿ ಹೊಲೀಲಿ. ಆಕಿ ಕೈ ಹೊಲಗಿ ಬಾಳಿಕಿ ಬರ್ತದ," ಎಂದರು.

ನನಗೆ ಮೈಯೆಲ್ಲ ಉರಿಯಿತು. ನೆಗೆಣ್ಣಿ ಕೌದಿ ಹೊಲಿಯುವುದರಲ್ಲಿ ಹೆಸರಾದವಳು. ಹಳೆಯ ಸೀರೆ, ಧೋತರಗಳನ್ನು ಪದರು ಪದರಾಗಿ ಹಾಸಿ ಅವಳು ಹೊಲಿದ ಕೌದಿಗಳನ್ನೇ ಮನೆಯವರೆಲ್ಲ ಹೊದೆಯುತ್ತಾರೆ. ಮದುವೆಯಾದ ಮೊದಲ ಚಳಿಗಾಲ ತವರಿನ ರಗ್ಗು ತೆಗೆದುಕೊಟ್ಟರೆ ನನ್ನ ಗಂಡ ಅತ್ತಿಗೆಯನ್ನು ನೆನೆದು, ವೈನಿಯ ಕೌದಿ ಎಲ್ಲಿ ಎಂದು ಕೇಳಿದ್ದರು. ಅದನ್ನು ನಾನು ಮರೆತಿಲ್ಲ, ಮರೆಯುವುದೂ ಇಲ್ಲ.

ಅವಳು ಹಳೆಯ ಬಟ್ಟೆ ಬಿಚ್ಚಿ, ಅದರದೇ ಒಂದು ತುಂಡನ್ನು ಅಳತೆಗೆ ಇಟ್ಟುಕೊಂಡು ಹೊಸದನ್ನು ಕತ್ತರಿಸಿದಳು. ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತು ಅಂಚಿನಿಂದ ನಡುವಿಗೆ ಹೊಲಿಯುತ್ತ ಬಂದಳು. ಕೌದಿಯ ಪದ್ಧತಿ ಅದೇ. ನಾನು ಯಾರದೋ ಜಂಪರಿಗೆ ಹುಕ್ಕು ಹಚ್ಚುತ್ತ ಓರೆಗಣ್ಣಿನಲ್ಲಿ ತಪ್ಪು ಹುಡುಕುತ್ತಿದ್ದೆ. ಹಾಳಾದ್ದು, ಒಂದು ಹೊಲಿಗೆಯೂ ಸೊಟ್ಟ ಬರಲಿಲ್ಲ.

ತುಂಡುಗಳೆಲ್ಲ ಕೂಡುವ ನಡುಭಾಗದಲ್ಲಿ ಸಣ್ಣ ಕಿಂಡಿ ಉಳಿದಿತ್ತು. ನಮ್ಮ ಕಡೆ ಕೌದಿಯ ಕೊನೆಯ ತೇಪೆ ಮುಚ್ಚುವಾಗ ಒಳಗೊಂದು ಹೋಳಿಗೆಯ ಚೂರು ಇಡುತ್ತಾರೆ. ಕೌದಿಯ ಹೊಟ್ಟೆ ತುಂಬಿಸುವುದು ಎನ್ನುತ್ತಾರೆ ಅದಕ್ಕೆ. ಹಸಿದ ಕೌದಿ ಹೊದ್ದರೆ ಮನೆಗೆ ಒಳ್ಳೆಯದಲ್ಲವಂತೆ. ನೆಗೆಣ್ಣಿಯ ಕೈ ರೂಢಿಯ ದಾರಿಯಲ್ಲೇ ಹೋಯಿತು. ಅತ್ತೆಯೇ ಎದ್ದು ಅಮಾವಾಸ್ಯೆಯ ಹೋಳಿಗೆ ಮುರಿದು ತಂದುಕೊಟ್ಟರು. ಇಬ್ಬರೂ ತಲೆಗೆ ತಲೆ ಕೂಡಿಸಿ ಛತ್ರಿಯ ಹೊಟ್ಟೆ ತುಂಬಿಸಿ, ಮೇಲೆ ದುಂಡನೆಯ ತೇಪೆ ಇಟ್ಟು ಭದ್ರವಾಗಿ ಮುಚ್ಚಿದರು. ಅವರ ಆ ಪ್ರೀತಿಯನ್ನು ನೋಡಲಾರದೆ ನಾನು ಎದ್ದು ಒಳಗೆ ಹೋದೆ.

ಮರುದಿನ ಬೆಳಿಗ್ಗೆ ನನ್ನ ಗಂಡ ಮಂಚದ ಮೇಲೆ ನಿಂತು ಬಟ್ಟೆ ಏರಿಸಿದರೆ ಛತ್ರಿಯ ನಡುವಿನ ಕೋಲಿನ ತುದಿ ಹೊರಗೆ ಬರಲು ದಾರಿಯೇ ಇಲ್ಲ. ಆ ಕಿಂಡಿ ಇದ್ದದ್ದೇ ಅದಕ್ಕೆ. ಬಟ್ಟೆ ಕೋಲಿನ ಮೇಲೆ ಎದ್ದು ನಿಂತು, ಅಂಚುಗಳು ಕಡ್ಡಿಗಳಿಗೆ ಮುಟ್ಟಲೇ ಇಲ್ಲ. ಗುಡಿಗೆ ಹೊರಟ ಜನ ನಿಂತು ನಕ್ಕರು. ನೆಗೆಣ್ಣಿ ಸೆರಗು ಬಾಯಿಗೆ ಹಚ್ಚಿಕೊಂಡಳು. ನನಗಾದ ಖುಷಿ ಅಷ್ಟಿಷ್ಟಲ್ಲ. ಈಗ ಅತ್ತೆ ನನ್ನ ಮಷೀನಿನ ಹತ್ತಿರ ಬರಲೇಬೇಕು ಎಂದುಕೊಂಡೆ, ಬಂದರು.

ತೇಪೆ ಬಿಚ್ಚಿ ಹೋಳಿಗೆಯ ಚೂರನ್ನು ತೆಗೆದು ಅತ್ತೆಯ ಕೈಗೇ ಕೊಟ್ಟೆ. ಕಿಂಡಿಯ ಸುತ್ತ ದಪ್ಪ ಪಟ್ಟಿ ಇಟ್ಟು ಮಷೀನಿನಲ್ಲಿ ದುಂಡಗೆ ಹೊಲಿದೆ. ನನ್ನ ಜನ್ಮದಲ್ಲೇ ಅಷ್ಟು ಚಂದದ ಹೊಲಿಗೆ ಹಾಕಿದ್ದಿಲ್ಲ. ನನ್ನ ಗಂಡ ಬಟ್ಟೆ ಏರಿಸಿ, ಅದು ಜಾರದಂತೆ ಕೋಲಿನ ತುದಿಗೆ ಅಗಲವಾದ ಟೊಪ್ಪಿಗೆಯನ್ನು ತಿರುಗಿಸಿ ಕೂಡಿಸಿದರು. ಛತ್ರಿ ಬಿಗಿದು ನಿಂತಿತು.

ಹೂವು ಕಟ್ಟುವ ನೆವದಲ್ಲಿ ನಾನು ಅಲ್ಲೇ ಕುಳಿತೆ. ಅತ್ತೆಯ ಬಾಯಿಂದ ಸಣ್ಣ ಸೊಸೆ ಎಂಬ ಮಾತೊಂದು ಬೀಳಲಿ ಎಂದು ಕಾದೆ. ಕೊನೆಗೆ ಕಾಯಿ ಕೊಳ್ಳಲು ಬಂದ ಹೆಂಗಸೊಬ್ಬಳು ಛತ್ರಿ ಚಲೋ ಆಗಿದೆ, ಯಾರು ಹೊಲಿದರು ಎಂದು ಕೇಳಿದಳು. ನಾನು ಹೂವು ಕೆಳಗಿಟ್ಟು ನೆಟ್ಟಗೆ ಕುಳಿತೆ.

"ನಮ್ಮ ಸೊಸ್ತೇರ್ರಿ," ಎಂದರು ಅತ್ತೆ. "ಇಬ್ರೂ ಕೂಡೇ ಹೊಲದಾರ."

ನೆಗೆಣ್ಣಿ ನನ್ನ ಕಡೆ ನೋಡಿ ನಕ್ಕಳು. ನಾನೂ ನಗಬೇಕಾಯಿತು. ಇಬ್ಬರೂ ಅಂತೆ. ತಲೆ ಎತ್ತಿ ನೋಡಿದೆ. ಅಂಚಿನಿಂದ ತುದಿಯವರೆಗೆ ಕಾಣುವುದೆಲ್ಲ ಅವಳ ಹೊಲಿಗೆ. ನನ್ನ ಪಾಲಿಗೆ ಬಂದದ್ದು ಒಂದು ತೂತು, ಅದನ್ನೂ ಆ ಟೊಪ್ಪಿಗೆ ಮುಚ್ಚಿಕೊಂಡಿತ್ತು.