ಹನ್ನೆರಡು ಹಲ್ಲಿನ ಗಾಲಿ

ಕಳೆದ ವಾರ ಗುಜರಿಯವನು ನಮ್ಮ ಹಿತ್ತಲಲ್ಲಿ ಹಳೆಯ ಕಬ್ಬಿಣದ ಗಾಲಿಗೆ ಗ್ಯಾಸ್ ಕಟರ್ ಹಿಡಿದಾಗ ಸುಟ್ಟ ಮಣ್ಣಿನ ವಾಸನೆ ಬಂತು. ತುಕ್ಕಿನ ಸಂದಿಯಲ್ಲಿ ವರ್ಷಗಟ್ಟಲೆ ಕೂತಿದ್ದ ಗದ್ದೆಯ ಕೆಸರು ಸುಡುತ್ತಿತ್ತು. ಕಲಘಟಗಿ ರಸ್ತೆಯ ವೆಲ್ಡಿಂಗ್ ಕಾಕಾನ ಅಂಗಡಿಯಲ್ಲಿ ನಾಟಿಯ ದಿನಗಳಲ್ಲಿ ಇದೇ ವಾಸನೆ ಇರುತ್ತಿತ್ತು. ಇರುತ್ತಿತ್ತೇ? ಈಗ ಹಾಗೆ ಅನಿಸುತ್ತಿದೆ, ಅಷ್ಟೇ.

ಕಾಕಾ ನಮ್ಮ ಸಂಬಂಧಿಕರಲ್ಲ. ಸುತ್ತಲಿನ ಹಳ್ಳಿಗಳ ಟ್ರ್ಯಾಕ್ಟರುಗಳಿಗೆ ಕೆಸರುಗದ್ದೆಯ ಗಾಲಿ ಮಾಡಿಕೊಡುತ್ತಿದ್ದರು. ರಬ್ಬರ್ ಟೈರು ಕೆಸರಿನಲ್ಲಿ ನಿಂತಲ್ಲೇ ತಿರುಗುತ್ತದೆ, ಅದಕ್ಕೇ ಈ ಕಬ್ಬಿಣದ ಗಾಲಿ. ಅದರ ಸುತ್ತ ಕೂಡಿಸಿದ ಎಲ್ ಆಕಾರದ ಆಂಗಲ್ ಪಟ್ಟಿಗಳಿಗೆ ನಾವು ಹಲ್ಲು ಅನ್ನುತ್ತಿದ್ದೆವು. ಹಲ್ಲು ಎಷ್ಟು, ನೇರವೋ ಓರೆಯೋ, ನಡುವೆ ಎಷ್ಟು ಸಂದು, ಇದೆಲ್ಲ ಗದ್ದೆ ನೋಡಿ ಆರಿಸಬೇಕಾದದ್ದು. ಗದ್ದೆ ನೋಡಿದರಷ್ಟೇ ಸಾಲದು ಅನ್ನುತ್ತಿದ್ದರು ಕಾಕಾ. ಆ ಗದ್ದೆಯ ಹಸಿ ಮಣ್ಣು ಒಂದು ಬಕೆಟ್ ತರಬೇಕಿತ್ತು. ಬರಿಗೈಯಲ್ಲಿ ಹೋದವರನ್ನು ವಾಪಸು ಕಳಿಸುತ್ತಿದ್ದರು. ನಾನೂ ಮೊದಲ ಸಲ ಹಾಗೇ ಹೋಗಿದ್ದೆ.

“ಮಣ್ಣ ಎಲ್ಲೈತಿ?”

“ಮಣ್ಣ ಯಾಕ್ರಿ ಕಾಕಾ? ನಮ್ಮ ಗದ್ದಿ ನೀವು ನೋಡೀರಲ್ರಿ.”

“ನಾ ನೋಡೇನಿ. ಕಬ್ಬಿಣ ನೋಡಿಲ್ಲ.”

ಮರುದಿನ ಬಕೆಟ್ ಒಯ್ದೆ. ಅವರು ಒಂದು ಮುದ್ದೆ ಮಣ್ಣು ತೆಗೆದು ಆಂಗಲ್ಲಿನ ಮೂಲೆಗೆ ಮೆತ್ತಿದರು, ಅದನ್ನು ಕಲ್ಲಿಗೆ ಒಮ್ಮೆ ಬಡಿದರು. ಅರ್ಧ ಉದುರಿತು, ಅರ್ಧ ಅಲ್ಲೇ ಉಳಿಯಿತು. ಉಳಿದದ್ದನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು.

“ಹನ್ನೆರಡು. ಓರೆ.”

“ಹದಿನಾರ ಹಾಕ್ರಿ ಕಾಕಾ. ಹನ್ನೆರಡಕ್ಕ ಜಾರತಾವು.”

“ಜಾರಲಿ. ಜಾರೂ ಗಾಲಿ ಡೀಸೆಲ್ ತಿಂತೈತಿ. ಜಾರಲಾರದ ಗಾಲಿ ಏನ ತಿಂತೈತಿ ಗೊತ್ತೈತೇನು?” ಎಂದು ಅಂಗೈಯನ್ನು ಬೆರಳಿನ ಕಡೆಯಿಂದ ಮೆಲ್ಲಗೆ ಮೇಲೆತ್ತಿ ಹಿಂದಕ್ಕೆ ಮಗುಚಿದರು. ಹಿಂದಿನ ಗಾಲಿ ನೆಲ ಕಚ್ಚಿ ನಿಂತರೆ ಟ್ರ್ಯಾಕ್ಟರಿನ ಮುಂಭಾಗ ಏಳುತ್ತದೆ, ಹೊಡೆಯುವವನ ಮೇಲೆಯೇ ಬೀಳುತ್ತದೆ ಎಂದು ಅದರ ಅರ್ಥ. ನಾನು ಮತ್ತೆ ವಾದಿಸಿದೆ. “ನಿನ್ನ ಬಾಯಾಗ ಮೂವತ್ತೆರಡ ಅದಾವಲ್ಲ, ಅದಕ್ಕ ಇಷ್ಟ ಮಾತು,” ಅಂದು ಮುಖಕ್ಕೆ ಗಾಜು ಹಿಡಿದು ವೆಲ್ಡಿಂಗ್ ಶುರು ಮಾಡಿದರು.

ಗಾಲಿ ಬಂತು. ಟ್ರ್ಯಾಕ್ಟರ್ ಹೊಡೆಯುವವನು ನನ್ನ ಅಣ್ಣ. ಕೆರೆಯ ನೀರು ಬಿಟ್ಟ ಮೇಲೆ ಎಲ್ಲರಿಗೂ ಒಂದೇ ಸಲ ಗದ್ದೆ ಹದವಾಗಬೇಕು, ನಾವು ಏಳೆಂಟು ಮನೆಯವರಿಗೆ ಮಾತು ಕೊಟ್ಟಿದ್ದೆವು. ಹಳ್ಳದ ಬದಿಯ ತಗ್ಗಿನ ಗದ್ದೆಗಳಲ್ಲಿ ಗಾಲಿ ಜಾರಿತು. ಕೆಲಸ ನಿಧಾನವಾಯಿತು. ಒಂದು ಸಂಜೆ ಅಣ್ಣನನ್ನು ಕೇಳದೆ ಗಾಲಿಗಳನ್ನು ಗಾಡಿಯಲ್ಲಿ ಹೇರಿಕೊಂಡು ಬೇರೊಂದು ಅಂಗಡಿಗೆ ಹೋದೆ. ಅಲ್ಲಿದ್ದವನು ಮಣ್ಣು ಕೇಳಲಿಲ್ಲ. ಪ್ರತಿ ಮೂರನೆಯ ಸಂದಿನಲ್ಲಿ ಒಂದರಂತೆ ಒಂದೊಂದು ಗಾಲಿಗೆ ನಾಲ್ಕು ಹಲ್ಲು ಸೇರಿಸಿಕೊಟ್ಟ.

ಇಲ್ಲಿಂದ ಮುಂದೆ ನನ್ನ ನೆನಪನ್ನು ನಾನು ನಂಬುವುದಿಲ್ಲ. ಬಹಳ ವರ್ಷ ನನ್ನಲ್ಲಿದ್ದ ನೆನಪು ಹೀಗಿತ್ತು: “ಹದಿನಾರ ಮಾಡಿಸೇನಿ,” ಅಂದೆ, ಅಣ್ಣ ತಲೆಯಾಡಿಸಿದ, ಯಾರ ಕಡೆ ಎಂದು ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ಈ ನೆನಪು ಅಚ್ಚುಕಟ್ಟಾಗಿದೆ. ಇದರಲ್ಲಿ ನಾನು ಸುಳ್ಳು ಹೇಳಿಲ್ಲ. ಆದರೆ ಅಣ್ಣ ಕೇಳದೆ ಸೀಟಿನ ಮೇಲೆ ಕೂರುವವನಲ್ಲ. “ಕಾಕಾ ಒಪ್ಪಿದ್ರೇನ?” ಎಂದು ಅವನು ಕೇಳಿರಬೇಕು. ನಾನು “ಹೂಂ” ಅಂದಿರಬೇಕು. ಆ “ಹೂಂ” ನನಗೆ ಕೇಳಿಸುವುದಿಲ್ಲ, ಆದರೆ ಅದಿಲ್ಲದೆ ಮುಂದಿನದು ನಡೆಯುವಂತಿಲ್ಲ…

ಮೂರನೆಯ ದಿನ ಬೆಳಿಗ್ಗೆ ನಾನು ಬದುವಿನ ಮೇಲೆ ನಿಂತಿದ್ದೆ. ಟ್ರ್ಯಾಕ್ಟರ್ ಮುಂದೆ ಹೋಗಲಿಲ್ಲ, ಗಾಲಿ ಜಾರಲೂ ಇಲ್ಲ. ಮುಂದಿನ ಎರಡು ಟೈರು ನೆಲ ಬಿಟ್ಟವು, ಅವುಗಳ ಕೆಳಗೆ ಆಚೆಯ ದಂಡೆಯ ಜಾಲಿಮರ ಕಂಡಿತು. ಕ್ಲಚ್ ಒತ್ತಿದ್ದರೆ ಸಾಕಿತ್ತು ಎಂದು ಆಮೇಲೆ ಎಲ್ಲರೂ ಹೇಳಿದರು. ಅಣ್ಣ ಪಕ್ಕಕ್ಕೆ ಹಾರಿದ. ಮಗುಚಿದ ಟ್ರ್ಯಾಕ್ಟರಿನ ಮಡ್‌ಗಾರ್ಡ್ ಅವನ ಎಡಗಾಲಿನ ಮೇಲೆ ಬಂತು. ಕೆಸರು ಮೆತ್ತಗಿತ್ತು, ಕಾಲು ಅದರೊಳಗೆ ಹುಗಿಯಿತು, ಅದಕ್ಕೆ ಕಾಲು ಉಳಿಯಿತು. ಮಂಡಿ ಮಾತ್ರ ಮುಂದೆಂದೂ ಬಾಗಲಿಲ್ಲ.

ಅವನನ್ನು ಆಸ್ಪತ್ರೆಯಿಂದ ಕರೆತಂದ ಮೇಲೆ ಕಾಕಾ ಮನೆಗೆ ಬಂದರು. ಕೈಯಲ್ಲಿ ಬಾಳೆಹಣ್ಣಿನ ಚೀಲವಿತ್ತು. ಟ್ರ್ಯಾಕ್ಟರ್ ಅಂಗಳದಲ್ಲೇ ನಿಂತಿತ್ತು, ಗಾಲಿ ಬಿಚ್ಚಿರಲಿಲ್ಲ. ಅವರು ಅದರ ಮುಂದೆ ಕುಕ್ಕರಗಾಲಲ್ಲಿ ಕೂತು, ಬೀಗದ ಕೈಯಿಂದ ಒಣಕೆಸರು ಕೆರೆದರು. ಎಣಿಸಿದರು. ಒಂದು ಬೆಸುಗೆಯ ಮೇಲೆ ಹೆಬ್ಬೆರಳು ಎಳೆದರು, ಪಕ್ಕದ್ದರ ಮೇಲೂ ಎಳೆದರು. ಆಮೇಲೆ ತಿರುಗಿ ನನ್ನನ್ನು ನೋಡಿದರು.

ಒಳಗೆ ಅಣ್ಣನ ಮಂಚದ ಹತ್ತಿರ ಕೂತು, “ಗಾಲಿ ತಪ್ಪಾತಪಾ,” ಅಂದರು.

“ಇರಲಿ ಬಿಡ್ರಿ ಕಾಕಾ,” ಅಂದ ಅಣ್ಣ. “ನೀವೇನ ಬೇಕಂತ ಮಾಡಿದ್ದಲ್ಲ.”

ನಾನು ನೀರಿನ ತಂಬಿಗೆ ಹಿಡಿದು ಬಾಗಿಲಲ್ಲಿದ್ದೆ. ಕಾಕಾ ಕೈ ಚಾಚಿದರು, ನೀರು ಕುಡಿದರು, ಎದ್ದು ಹೋದರು.

ಮಾತು ತಾನೇ ಹಬ್ಬಿತು. ಕಾಕಾನ ಗಾಲಿ ಮೂತಿ ಎತ್ತುತ್ತದಂತೆ. ಮುಂದಿನ ನಾಟಿಗೆ ಅವರ ಅಂಗಡಿಯ ಮುಂದೆ ಒಂದೂ ಬಕೆಟ್ ಇರಲಿಲ್ಲ. ಕಿಟಕಿಯ ಗ್ರಿಲ್ಲು, ದನದ ಕೊಟ್ಟಿಗೆಯ ಗೇಟು ಮಾಡುತ್ತಾ ಕೂತರು. ನಾನು ಬಸ್‌ಸ್ಟ್ಯಾಂಡಿಗೆ ಇನ್ನೊಂದು ದಾರಿಯಿಂದ ಹೋಗತೊಡಗಿದೆ. ಅವರು ತೀರಿಕೊಂಡಾಗ ಮಣ್ಣಿಗೆ ಹೋಗಿದ್ದೆ. ಹಿಂದಿನ ಸಾಲಿನಲ್ಲಿ ನಿಂತು ಬಂದೆ. ಅವರು ಯಾಕೆ ಸುಮ್ಮನಿದ್ದರು ಎಂಬುದಕ್ಕೆ ನನ್ನಲ್ಲಿ ಮೂರ್ನಾಲ್ಕು ಉತ್ತರಗಳಿವೆ. ಎಲ್ಲವೂ ಅವರನ್ನು ದೊಡ್ಡವರನ್ನಾಗಿ ಮಾಡುತ್ತವೆ, ನನಗೆ ಹಗುರಾಗುತ್ತದೆ. ಆದ್ದರಿಂದ ಯಾವುದನ್ನೂ ಬರೆಯುವುದಿಲ್ಲ.

ಟ್ರ್ಯಾಕ್ಟರ್ ಯಾವಾಗಲೋ ಮಾರಿದೆವು. ಗಾಲಿಗಳು ಹಿತ್ತಲಲ್ಲಿ ಉಳಿದಿದ್ದವು. ಗುಜರಿಯವನು ಹೊರಗಿನವನು, ಅವನಿಗೆ ನಮ್ಮ ಕತೆ ಗೊತ್ತಿಲ್ಲ. ಎರಡನೆಯ ಗಾಲಿ ಮಗುಚಿ ಹಾಕಿ ಕಟರ್ ಆರಿಸಿದ.

“ಇದು ಇಬ್ಬರ ಕೈ ಐತಲ್ರಿ ಅಣ್ಣಾರ,” ಅಂದ. “ಹನ್ನೆರಡ ಅಗದಿ ಗಟ್ಟಿ ಅದಾವ. ಈ ನಾಕ ಯಾಂವ ಹಚ್ಚಿದಾ? ಬಡದ್ರ ಬೀಳತಾವ ನೋಡ್ರಿ.” ಸುತ್ತಿಗೆಯಿಂದ ಒಂದು ಏಟು ಹಾಕಿದ. ಒಂದು ಹಲ್ಲು ಬಿತ್ತು.

ಅಣ್ಣ ಕಟ್ಟೆಯ ಮೇಲೆ ಕಾಲು ನೀಡಿ ಕೂತಿದ್ದ.

“ಏನಂದಾ ಅಂವ?”

ಕೇಳಿಸಲಿಲ್ಲ ಅನ್ನಬಹುದಿತ್ತು.

“ಆ ನಾಕು ಕಾಕಾ ಹಚ್ಚಿದ್ದಲ್ಲ,” ಅಂದೆ. “ನಾ ಬ್ಯಾರೆ ಕಡೆ ಹಚ್ಚಿಸಿದ್ದೆ. ಅವರು ಬ್ಯಾಡ ಅಂದಿದ್ರು.”

ಅಣ್ಣ ಬಿದ್ದ ಹಲ್ಲನ್ನು ನೋಡುತ್ತಾ ಕೂತ. ಗುಜರಿಯವನು ಮತ್ತೆ ಬೆಂಕಿ ಹಚ್ಚಿದ, ಮಣ್ಣು ಸುಡುವ ವಾಸನೆ ಮತ್ತೆ ಬಂತು.

“ಆವತ್ತ ನಾ ಅವರಿಗೆ ಏನಂದಿದ್ನೆಲೇ?”

“ಇರಲಿ ಬಿಡ್ರಿ ಅಂದಿದ್ದಿ.”

“ಅದಕ್ಕ ಅವರೇನಂದ್ರು?”

“ನೀರ ಕುಡದ್ರು.”